ಭುಜದ ಸ್ನಾಯುರಜ್ಜು ಹರಕು ಮತ್ತು ಕೀಹೋಲ್ ಶಸ್ತ್ರಚಿಕಿತ್ಸೆ

ಭುಜದ ಕೀಲನ್ನು ಸುತ್ತುವರಿದ ರೊಟೇಟರ್ ಕಫ್ ಎಂಬ ಸ್ನಾಯುರಜ್ಜುಗಳ ಪಟ್ಟಿ ಹರಿದು ಮೂಳೆಯಿಂದ ಬಿಟ್ಟುಕೊಂಡಾಗ, ಚರ್ಮದಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಅವುಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ಒಳಗಿಳಿಸಿ, ಪರದೆಯ ಮೇಲಿನ ಚಿತ್ರ ನೋಡುತ್ತ ರಜ್ಜುವನ್ನು ಮತ್ತೆ ಮೂಳೆಗೆ ಬಿಗಿಯುವ ಚಿಕಿತ್ಸೆಯೇ ಆರ್ತ್ರೋಸ್ಕೋಪಿಕ್ ರೊಟೇಟರ್ ಕಫ್ ರಿಪೇರಿ. ಜನರ ಬಾಯಲ್ಲಿ ಇದು ಭುಜದ ಕೀಹೋಲ್ ಆಪರೇಷನ್. ಮೂರು ದಶಕಗಳ ಹಿಂದೆ ಕೆಲವೇ ಶಸ್ತ್ರವೈದ್ಯರಿಗೆ ಒಲಿದಿದ್ದ ಈ ವಿದ್ಯೆ ಇಂದು ದೊಡ್ಡ ಊರುಗಳ ಮೂಳೆ ಆಸ್ಪತ್ರೆಗಳಲ್ಲಿ ವಾಡಿಕೆಯಾಗಿದೆ. ಅದರ ಗುಣಗಾನವೆಲ್ಲ ಗಾಯದ ಚಿಕ್ಕತನದ ಸುತ್ತ ನಡೆಯುತ್ತದೆ: ಕಲೆ ಅಷ್ಟಾಗಿ ಕಾಣುವುದಿಲ್ಲ, ಬೇಗ ಮನೆಗೆ ಹೋಗಬಹುದು, ಮೊದಲ ದಿನಗಳ ನೋವು ಕಡಿಮೆ. ಇವು ಬಹುಮಟ್ಟಿಗೆ ನಿಜವೇ. ಆದರೆ ಈ ಅವಧಿಯ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ ಬೇರೊಂದು ತೀರ್ಮಾನ ಮೂಡುತ್ತದೆ. ಒಳಹೋಗುವ ದಾರಿ ಕಿರಿದಾದದ್ದರಿಂದ ಅಂತಿಮ ಫಲ ಹೆಚ್ಚೇನೂ ಬದಲಾಗಿಲ್ಲ. ಹೊಲಿದ ರಜ್ಜು ಮೂಳೆಗೆ ಕೂಡಿಕೊಳ್ಳುವುದೂ ಬಿಡುವುದೂ ರೋಗಿಯ ವಯಸ್ಸು, ಹರಕಿನ ಗಾತ್ರ, ಅದರ ಹಿಂದಿರುವ ಸ್ನಾಯುವಿನ ಸ್ಥಿತಿ ಇವನ್ನು ಅವಲಂಬಿಸಿದೆ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ‘ಹೇಗೆ’ ಎನ್ನುವುದಕ್ಕಿಂತ ‘ಯಾರಿಗೆ, ಯಾವಾಗ’ ಎನ್ನುವುದೇ ದೊಡ್ಡ ಪ್ರಶ್ನೆ.

ರಚನೆ ಮತ್ತು ಕೆಲಸ

ಭುಜದಷ್ಟು ಎಲ್ಲ ದಿಕ್ಕಿಗೂ ಹೊರಳುವ ಕೀಲು ದೇಹದಲ್ಲಿ ಇನ್ನೊಂದಿಲ್ಲ. ಆ ಸ್ವಾತಂತ್ರ್ಯಕ್ಕೆ ತೆರುವ ಬೆಲೆ ಅಸ್ಥಿರತೆ. ತೋಳಿನ ಮೂಳೆಯ ದುಂಡನೆಯ ತಲೆ ದೊಡ್ಡದು. ಅದು ಕೂರುವ ಹೆಗಲ ಮೂಳೆಯ ಗುಳಿ ಚಿಕ್ಕದು, ಆಳವೂ ಇಲ್ಲ. ತಲೆಯನ್ನು ಗುಳಿಯಲ್ಲಿ ಹಿಡಿದಿಡುವ ಕೆಲಸ ಬಹುಪಾಲು ನಾಲ್ಕು ಸ್ನಾಯುಗಳದು. ಹೆಗಲ ಮೂಳೆಯ ಹಿಂಬದಿಯ ಮೇಲ್ಭಾಗದಿಂದ ಬರುವ ಸುಪ್ರಸ್ಪೈನೇಟಸ್, ಅದರ ಕೆಳಗಿನ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಎದೆಗೂಡಿಗೆ ಮುಖಮಾಡಿದ ಬದಿಯಿಂದ ಹೊರಡುವ ಸಬ್‌ಸ್ಕ್ಯಾಪುಲಾರಿಸ್ ಇವೇ ಆ ನಾಲ್ಕು. ಇವುಗಳ ತುದಿಯ ರಜ್ಜುಗಳು ಒಂದರೊಳಗೊಂದು ಬೆರೆತು ತೋಳಿನ ಮೂಳೆಯ ತಲೆಯನ್ನು ಮುಂದೆ, ಮೇಲೆ, ಹಿಂದೆ ಸುತ್ತಿಕೊಂಡು ಅಂಟಿವೆ. ಹೆಗಲಿನ ಹೊರಗಿನ ದಪ್ಪ ಸ್ನಾಯುವಾದ ಡೆಲ್ಟಾಯ್ಡ್ ತೋಳನ್ನು ಎತ್ತುವಾಗ ಮೂಳೆಯ ತಲೆಯನ್ನು ಮೇಲಕ್ಕೂ ಎಳೆಯುತ್ತದೆ. ಅದೇ ಹೊತ್ತಿಗೆ ರೊಟೇಟರ್ ಕಫ್ ತಲೆಯನ್ನು ಗುಳಿಗೆ ಒತ್ತಿ ಹಿಡಿಯುತ್ತದೆ. ಈ ಹಿಡಿತ ತಪ್ಪಿದರೆ ತಲೆ ಮೇಲಕ್ಕೆ ಜಾರಿ, ಅಕ್ರೋಮಿಯನ್ ಎಂಬ ಮೇಲ್ಚಾವಣಿಯ ಮೂಳೆಗೆ ತಾಗುತ್ತದೆ. ತೋಳು ಅರ್ಧಕ್ಕೇ ನಿಲ್ಲುತ್ತದೆ.

ಆದರೂ ಹರಕು ಇದ್ದವರ ತೋಳೆಲ್ಲ ಕೆಲಸ ನಿಲ್ಲಿಸುವುದಿಲ್ಲ. ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟವರಲ್ಲಿ ಅಮೆರಿಕದ ಟೆಕ್ಸಾಸಿನ ಶಸ್ತ್ರವೈದ್ಯ ಸ್ಟೀಫನ್ ಬರ್ಕ್‌ಹಾರ್ಟ್ ಪ್ರಮುಖರು. ರಜ್ಜುವಿನ ಅಂಚಿಗಿಂತ ತುಸು ಒಳಗೆ ಕಮಾನಿನಂತೆ ಬಾಗಿದ ದಪ್ಪ ಎಳೆಯೊಂದಿದ್ದು, ಬಲದ ಹೆಚ್ಚಿನ ಪಾಲು ಅದರ ಎರಡು ತುದಿಗಳ ಮೂಲಕ ಮೂಳೆಗೆ ಹೋಗುತ್ತದೆಂದು 1990ರ ದಶಕದಲ್ಲಿ ಅವರು ತೋರಿಸಿಕೊಟ್ಟರು. ನಡುವಿನ ತೆಳುಭಾಗ ಹರಿದರೂ ಈ ತುದಿಗಳು ಗಟ್ಟಿಯಾಗಿದ್ದು, ಮುಂದಿನ ಮತ್ತು ಹಿಂದಿನ ಸ್ನಾಯುಗಳ ಎಳೆತ ಸಮತೂಗಿದ್ದರೆ ತೋಳು ಮೇಲೇಳುತ್ತದೆ. ಈ ಅಂಶವನ್ನು ಮರೆತರೆ ಮುಂದಿನ ಚರ್ಚೆ ಅರ್ಥವಾಗದು. ಹರಕು ಇರುವುದು ಒಂದು ಸಂಗತಿ, ಹರಕಿನಿಂದ ತೊಂದರೆ ಇರುವುದು ಇನ್ನೊಂದು.

ಹರಕು ಎಷ್ಟು ಸಾಮಾನ್ಯ

ಈ ವ್ಯತ್ಯಾಸಕ್ಕೆ ಅಂಕಿ ಅಂಶಗಳ ಆಧಾರ ಬಲವಾಗಿದೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭುಜದ ಯಾವ ನೋವೂ ಇಲ್ಲದ 96 ಜನರ ಎಂಆರ್‌ಐ ಮಾಡಿದಾಗ ಶೇ. 34ರಷ್ಟು ಮಂದಿಯಲ್ಲಿ ಪೂರ್ಣ ಅಥವಾ ಭಾಗಶಃ ಹರಕು ಕಂಡಿತು. 60 ದಾಟಿದವರಲ್ಲಿ ಈ ಪ್ರಮಾಣ ಶೇ. 54. ಜಪಾನಿನ ಒಂದು ಹಳ್ಳಿಯ 683 ಜನರ ಎರಡೂ ಭುಜಗಳನ್ನು ಅಲ್ಟ್ರಾಸೌಂಡ್‌ನಿಂದ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 20.7 ಭುಜಗಳಲ್ಲಿ ಪೂರ್ಣ ಹರಕಿತ್ತು. ಅಮೆರಿಕದ ಇನ್ನೊಂದು ತಂಡ ಒಂದು ಬದಿಯ ಭುಜನೋವೆಂದು ಬಂದ 588 ಜನರ ಎರಡೂ ಭುಜಗಳನ್ನು ನೋಡಿತು. ಹರಕಿಲ್ಲದವರ ಸರಾಸರಿ ವಯಸ್ಸು ಸುಮಾರು 49, ಒಂದೇ ಬದಿ ಹರಿದವರದು ಸುಮಾರು 59, ಎರಡೂ ಬದಿ ಹರಿದವರದು ಸುಮಾರು 68. ದಶಕಕ್ಕೊಂದು ಮೆಟ್ಟಿಲಿನಂತೆ ಏರುವ ಈ ಲೆಕ್ಕ ಹೇಳುವುದಿಷ್ಟು: ಬಿದ್ದು, ಪೆಟ್ಟು ತಿಂದು ಹರಿಯುವ ರಜ್ಜುಗಳಿದ್ದರೂ, ಹೆಚ್ಚಿನವು ವಯಸ್ಸಾದಂತೆ ಸವೆದು ಹರಿಯುತ್ತವೆ. ಹಾಗಾಗಿ 65ರ ಹರೆಯದ ಭುಜದ ಸ್ಕ್ಯಾನ್ ವರದಿಯಲ್ಲಿ ‘ಹರಿದಿದೆ’ ಎಂದಿದ್ದ ಮಾತ್ರಕ್ಕೆ ನೋವಿನ ಮೂಲ ಅದೇ ಎಂದು ಹೇಳಲಾಗದು. ಅದನ್ನು ಹೊಲಿದರೆ ನೋವು ಹೋಗುತ್ತದೆಂದೂ ಹೇಳಲಾಗದು.

ಇತಿಹಾಸ

ಹರಿದ ರಜ್ಜುಗಳನ್ನು ಶವಪರೀಕ್ಷೆಯಲ್ಲಿ ಕಂಡು ವರ್ಣಿಸಿದ ಮೊದಲಿಗರಲ್ಲಿ ಲಂಡನ್ನಿನ ಜೆ. ಜಿ. ಸ್ಮಿತ್ ಒಬ್ಬರು; ಅವರ ಬರಹ ಬಂದದ್ದು 1834ರಲ್ಲಿ. ರಜ್ಜುವನ್ನು ಹೊಲಿಯುವ ಶಸ್ತ್ರಚಿಕಿತ್ಸೆಯ ವರದಿಯನ್ನು 1911ರಲ್ಲಿ ಪ್ರಕಟಿಸಿದವರು ಬಾಸ್ಟನ್ನಿನ ಅರ್ನೆಸ್ಟ್ ಅಮೋರಿ ಕಾಡ್‌ಮನ್. ಇದೇ ಕಾಡ್‌ಮನ್ ವೈದ್ಯಕೀಯದಲ್ಲಿ ಇನ್ನೊಂದು ಕಾರಣಕ್ಕೂ ಹೆಸರಾದವರು. ಚಿಕಿತ್ಸೆ ಪಡೆದ ಪ್ರತಿ ರೋಗಿಯನ್ನೂ ಕನಿಷ್ಠ ಒಂದು ವರ್ಷ ಹಿಂಬಾಲಿಸಿ, ಗುಣವಾಯಿತೇ, ಆಗದಿದ್ದರೆ ಯಾಕಾಗಲಿಲ್ಲ ಎಂದು ಬರೆದಿಟ್ಟು ಬಹಿರಂಗಪಡಿಸಬೇಕೆಂದು ಅವರು ಪಟ್ಟು ಹಿಡಿದರು. ಸಹೋದ್ಯೋಗಿಗಳು ಒಪ್ಪದಿದ್ದಾಗ ತಾವು ತೆರೆದ ಪುಟ್ಟ ಆಸ್ಪತ್ರೆಯಲ್ಲಿ ಅದನ್ನು ಮಾಡಿಯೇ ತೋರಿಸಿದರು. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾಗಿದ್ದವೆಂದು ತಾವೇ ಅಚ್ಚು ಹಾಕಿಸಿದರು. ಭುಜದ ಕುರಿತ ಅವರ ದೊಡ್ಡ ಗ್ರಂಥ 1934ರಲ್ಲಿ ಬಂತು.

ಮುಂದಿನ ದೊಡ್ಡ ತಿರುವು ತಂದವರು ನ್ಯೂಯಾರ್ಕಿನ ಚಾರ್ಲ್ಸ್ ನೀರ್. ಮೇಲಿರುವ ಅಕ್ರೋಮಿಯನ್ ಮೂಳೆಯ ಮುಂದಿನ ಅಂಚು ರಜ್ಜುವಿಗೆ ಉಜ್ಜುವುದರಿಂದಲೇ ಹರಕು ಉಂಟಾಗುತ್ತದೆ ಎಂದು ಅವರು 1972ರಲ್ಲಿ ವಾದಿಸಿ, ಆ ಅಂಚನ್ನು ಕೆತ್ತಿ ತೆಗೆಯುವ ಅಕ್ರೋಮಿಯೋಪ್ಲಾಸ್ಟಿಯನ್ನು ಸೂಚಿಸಿದರು. ಹರಕುಗಳಲ್ಲಿ ಶೇ. 95ಕ್ಕೆ ಈ ಉಜ್ಜುವಿಕೆಯೇ ಕಾರಣವೆಂಬ ಅವರ ಅಂದಾಜು ಎರಡು ಮೂರು ದಶಕಗಳ ಕಾಲ ಪಠ್ಯಪುಸ್ತಕದ ಮಾತಾಯಿತು. ಆಗಿನ ಶಸ್ತ್ರಚಿಕಿತ್ಸೆ ತೆರೆದ ವಿಧಾನದ್ದು. ರಜ್ಜುವನ್ನು ತಲುಪಲು ಡೆಲ್ಟಾಯ್ಡ್ ಸ್ನಾಯುವನ್ನು ಅಕ್ರೋಮಿಯನ್‌ನಿಂದ ಬಿಡಿಸಿ, ಕೊನೆಯಲ್ಲಿ ಮತ್ತೆ ಹೊಲಿಯಬೇಕಿತ್ತು. ಆ ಹೊಲಿಗೆ ಬಿಟ್ಟರೆ ತೋಳು ಎತ್ತುವ ಮುಖ್ಯ ಸ್ನಾಯುವೇ ಸೋಲುತ್ತಿತ್ತು. ಅದನ್ನು ಸರಿಪಡಿಸುವುದೂ ಬಹಳ ಕಷ್ಟ.

ಕೀಲಿನೊಳಗೆ ಇಣುಕುವ ಪ್ರಯತ್ನ ಮಾತ್ರ ಇದಕ್ಕೂ ಹಳೆಯದು. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಸಿಸ್ಟೋಸ್ಕೋಪನ್ನು ಶವದ ಮಂಡಿಯೊಳಗೆ ಇಳಿಸಿ ನೋಡಿದರು. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಶವಗಳ ಹಲವು ಕೀಲುಗಳನ್ನು, ಅವುಗಳಲ್ಲಿ ಭುಜವನ್ನೂ, ಹೀಗೆ ಪರೀಕ್ಷಿಸಿದ ವರದಿ ಪ್ರಕಟಿಸಿದರು. ತಕಾಗಿಯ ಶಿಷ್ಯ ಮಸಾಕಿ ವತನಬೆ 1950ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ‘21ನೇ ನಂಬರ್’ ಆರ್ತ್ರೋಸ್ಕೋಪ್ ಬಳಕೆಗೆ ಒಗ್ಗುವ ಉಪಕರಣವಾಯಿತು. ದ್ಯುತಿತಂತು ಮತ್ತು ಟಿವಿ ಕ್ಯಾಮೆರಾ ಬಂದ ಮೇಲೆ ಮಂಡಿಯಲ್ಲಿ ಬೇರೂರಿದ ವಿದ್ಯೆ ನಿಧಾನವಾಗಿ ಭುಜಕ್ಕೆ ಹತ್ತಿತು. ಹಾರ್ವೆ ಎಲ್‌ಮನ್ 1980ರ ದಶಕದಲ್ಲಿ ಅಕ್ರೋಮಿಯನ್ ಕೆತ್ತುವುದನ್ನು ಕ್ಯಾಮೆರಾ ಮೂಲಕವೇ ಮಾಡಿ ತೋರಿಸಿದರು. ಆದರೆ ಮಂಡಿಯಲ್ಲಿ ಬೇಡದ್ದನ್ನು ಕತ್ತರಿಸಿ ತೆಗೆದರೆ ಸಾಕಾಗುತ್ತಿದ್ದರೆ, ಭುಜದಲ್ಲಿ ಮೂಳೆಗೆ ರಜ್ಜು ಕಟ್ಟಬೇಕಿತ್ತು. ಅದು ಸಾಧ್ಯವಾದದ್ದು ನೂಲು ಪೋಣಿಸಿದ ಪುಟ್ಟ ಮೊಳೆಯಂಥ ಆಂಕರ್‌ಗಳು ಬಂದ ಮೇಲೆ. 1990ರ ದಶಕದಲ್ಲಿ ಮೊದಲು ಕ್ಯಾಮೆರಾ ಮತ್ತು ಸಣ್ಣ ಗಾಯ ಎರಡನ್ನೂ ಬಳಸುವ ‘ಮಿನಿ ಓಪನ್’ ವಿಧಾನ ಬಂತು. ದಶಕ ಮುಗಿಯುವಷ್ಟರಲ್ಲಿ ಪೂರ್ತಿ ಆರ್ತ್ರೋಸ್ಕೋಪಿಕ್ ರಿಪೇರಿಯ ಫಲಿತಾಂಶಗಳು ಪ್ರಕಟವಾಗತೊಡಗಿದವು. ಅಮೆರಿಕದಲ್ಲಿ 1996ರಿಂದ 2006ರ ನಡುವೆ ತೆರೆದ ರಿಪೇರಿಗಳು ಶೇ. 34ರಷ್ಟು ಹೆಚ್ಚಿದರೆ, ಆರ್ತ್ರೋಸ್ಕೋಪಿಕ್ ರಿಪೇರಿಗಳು ಶೇ. 600ರಷ್ಟು ಹೆಚ್ಚಿದವು.

ವಿಧಾನ

ರೋಗಿಗೆ ಪೂರ್ಣ ಅರಿವಳಿಕೆಯ ಜೊತೆಗೆ ಕುತ್ತಿಗೆಯ ಬದಿಯಲ್ಲಿ ತೋಳಿನ ನರಗಳ ಸುತ್ತ ಮರಗಟ್ಟಿಸುವ ಔಷಧ ಕೊಡುವುದು ರೂಢಿ. ಮೊದಲ ಹಲವು ಗಂಟೆಗಳ ನೋವನ್ನು ಅದು ತಡೆಯುತ್ತದೆ. ರೋಗಿಯನ್ನು ಒರಗು ಕುರ್ಚಿಯಲ್ಲಿ ಕೂತ ಭಂಗಿಯಲ್ಲಿಯೋ ಒಂದು ಮಗ್ಗುಲಿಗೆ ಮಲಗಿಸಿಯೋ ಇಡುತ್ತಾರೆ. ಹಿಂಬದಿಯ ರಂಧ್ರದಿಂದ ಸುಮಾರು 4 ಮಿಲಿಮೀಟರ್ ದಪ್ಪದ, ತುದಿಯ ಮಸೂರ ಓರೆಯಾಗಿರುವ ಸ್ಕೋಪ್ ಒಳಹೋಗುತ್ತದೆ. ಪಂಪಿನಿಂದ ಸಲೈನ್ ಹರಿಸಿ ಕೀಲನ್ನು ಉಬ್ಬಿಸುವುದರಿಂದ ನೋಟ ತಿಳಿಯಾಗುತ್ತದೆ, ರಕ್ತ ಒಸರುವುದೂ ಕಡಿಮೆಯಾಗುತ್ತದೆ. ಮೊದಲು ಕೀಲಿನೊಳಗನ್ನೂ ಆಮೇಲೆ ಅಕ್ರೋಮಿಯನ್ ಕೆಳಗಿನ ಜಾಗವನ್ನೂ ನೋಡಿ, ಹರಕಿನ ಆಕಾರ ಮತ್ತು ಗಾತ್ರ ಅಳೆದು, ಅಂಟಿಕೊಂಡ ರಜ್ಜುವನ್ನು ಬಿಡಿಸಿ, ಹೆಚ್ಚು ಎಳೆತವಿಲ್ಲದೆ ಅದು ತನ್ನ ಮೂಲ ಜಾಗಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ರಜ್ಜು ಅಂಟಬೇಕಾದ ಮೂಳೆಯ ಮೇಲ್ಮೈಯನ್ನು ತುಸು ಕೆರೆದು, ಟೈಟಾನಿಯಮ್, ಗಟ್ಟಿ ಪ್ಲಾಸ್ಟಿಕ್ ಅಥವಾ ದೇಹದಲ್ಲಿ ಕರಗುವ ವಸ್ತುವಿನ ಆಂಕರ್‌ಗಳನ್ನು ಇಳಿಸಿ, ಅವುಗಳ ನೂಲನ್ನು ರಜ್ಜುವಿನ ಮೂಲಕ ಹಾಯಿಸಿ ಬಿಗಿಯುತ್ತಾರೆ. ಆಂಕರ್‌ಗಳನ್ನು ಒಂದೇ ಸಾಲಿನಲ್ಲಿ ಹಾಕಬಹುದು. ಅಥವಾ ಎರಡು ಸಾಲು ಮಾಡಿ, ನೂಲುಗಳನ್ನು ಸೇತುವೆಯಂತೆ ರಜ್ಜುವಿನ ಮೇಲೆ ಹಾಯಿಸಿ ಒತ್ತಿ ಹಿಡಿಯಬಹುದು.

ಈ ದಾರಿಯ ನಿಜವಾದ ದೊಡ್ಡ ಲಾಭ ಡೆಲ್ಟಾಯ್ಡ್ ಸ್ನಾಯುವನ್ನು ಬಿಡಿಸದೆ ಉಳಿಸುವುದು. ಸಬ್‌ಸ್ಕ್ಯಾಪುಲಾರಿಸ್‌ನಂಥ ಮುಂಬದಿಯ ಹರಕನ್ನೂ, ಬೈಸೆಪ್ಸ್ ರಜ್ಜುವಿನ ತೊಂದರೆಯನ್ನೂ ಅದೇ ರಂಧ್ರಗಳಿಂದ ಕಂಡು ಸರಿಪಡಿಸಲು ಆಗುವುದು ಎರಡನೆಯ ಲಾಭ. ತೊಡಕುಗಳು ಇಲ್ಲವೆಂದಲ್ಲ. ಕೀಲು ಬಿಗಿದುಕೊಳ್ಳುವುದು, ಆಂಕರ್ ಕಿತ್ತುಬರುವುದು, ನರಕ್ಕೆ ಪೆಟ್ಟಾಗುವುದು, ಅಪರೂಪವಾಗಿ ಸೋಂಕು ತಗಲುವುದು ಇವೆ. ಆದರೆ ಎಲ್ಲಕ್ಕಿಂತ ಸಾಮಾನ್ಯವಾದ ಸೋಲು ಹೊಲಿದ ರಜ್ಜು ಮತ್ತೆ ಬಿಡುವುದು.

ಮಾಯುವಿಕೆಯ ಸಮಸ್ಯೆ

ರಜ್ಜು ಮೂಳೆಗೆ ಸೇರುವ ಜಾಗದ ಸಹಜ ರಚನೆ ಸೂಕ್ಷ್ಮವಾದದ್ದು. ಮೆತ್ತನೆಯ ರಜ್ಜು ಮೊದಲು ಮೃದ್ವಸ್ಥಿಯಾಗಿ, ಆಮೇಲೆ ಸುಣ್ಣಗಟ್ಟಿದ ಮೃದ್ವಸ್ಥಿಯಾಗಿ, ಕೊನೆಗೆ ಮೂಳೆಯಾಗಿ ಹಂತಹಂತವಾಗಿ ಗಟ್ಟಿಯಾಗುತ್ತದೆ. ಎಳೆತ ಒಂದೇ ಕಡೆ ಬೀಳದಂತೆ ನೋಡಿಕೊಳ್ಳುವುದು ಈ ಹಂತಗಳೇ. ಶಸ್ತ್ರಚಿಕಿತ್ಸೆಯ ಬಳಿಕ ಈ ರಚನೆ ಮರುಹುಟ್ಟುವುದಿಲ್ಲ. ಗಾಯದ ಕಲೆಯಂಥ ಅಂಗಾಂಶವೇ ಎರಡನ್ನೂ ಕೂಡಿಸುತ್ತದೆ. ಸವೆದ ಪಂಚೆಗೆ ಎಷ್ಟೇ ಗಟ್ಟಿ ನೂಲಿನಿಂದ ಹೊಲಿಗೆ ಹಾಕಿದರೂ ಹೊಲಿಗೆಯ ಪಕ್ಕದಲ್ಲೇ ಬಟ್ಟೆ ಹರಿಯುವಂತೆ, ಇಲ್ಲಿ ಸಾಮಾನ್ಯವಾಗಿ ಸೋಲುವುದು ನೂಲೂ ಅಲ್ಲ, ಆಂಕರೂ ಅಲ್ಲ. ನೂಲು ಹಿಡಿದಿರುವ ರಜ್ಜು. ಹರಕು ಹಳೆಯದಾದಂತೆ ಅದರ ಹಿಂದಿನ ಸ್ನಾಯು ಸೊರಗಿ, ಅದರೊಳಗೆ ಕೊಬ್ಬು ತುಂಬುತ್ತದೆ. ಫ್ರಾನ್ಸಿನ ಗುಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಇದನ್ನು 0ಯಿಂದ 4ರವರೆಗಿನ ಐದು ಹಂತಗಳಾಗಿ ವಿಂಗಡಿಸಿದರು. ಇಂದಿಗೂ ಶಸ್ತ್ರವೈದ್ಯರು ಸ್ಕ್ಯಾನ್ ನೋಡುವಾಗ ಇದೇ ಅಳತೆ ಬಳಸುತ್ತಾರೆ. ಕೊಬ್ಬು ಸ್ನಾಯುವಿನ ಪಾಲಿಗೆ ಸಮನಾದ ಅಥವಾ ಅದನ್ನು ಮೀರಿದ ಹಂತಗಳಲ್ಲಿ ಹೊಲಿಗೆ ಯಶಸ್ವಿಯಾದರೂ ಸ್ನಾಯು ಮೊದಲಿನಂತಾಗುವುದಿಲ್ಲ.

ಅಂಕಿಗಳು ಇದನ್ನೇ ಹೇಳುತ್ತವೆ. ಫ್ರಾನ್ಸಿನ ಪಾಸ್ಕಲ್ ಬುವಾಲೋ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರ್ತ್ರೋಸ್ಕೋಪಿಯಿಂದ ಸುಪ್ರಸ್ಪೈನೇಟಸ್ ಹೊಲಿದ 65 ಭುಜಗಳ ಪೈಕಿ ಶೇ. 71ರಲ್ಲಿ ರಜ್ಜು ಪೂರ್ತಿ ಕೂಡಿತ್ತು. 65 ದಾಟಿದವರಲ್ಲಿ ಇದು ಶೇ. 43ಕ್ಕೆ ಇಳಿಯಿತು. ಅಮೆರಿಕದ ಲೀಸಾ ಗಲಾಟ್ಸ್ ತಂಡ 2004ರಲ್ಲಿ ದೊಡ್ಡ ಮತ್ತು ಅತಿ ದೊಡ್ಡ ಹರಕುಗಳ 18 ರೋಗಿಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ 17 ಮಂದಿಯ ರಜ್ಜು ಮತ್ತೆ ಹರಿದಿತ್ತು. ಬೆರಗಿನ ಸಂಗತಿಯೆಂದರೆ, ವರ್ಷದ ಬಳಿಕ ಅವರಲ್ಲಿ ಹೆಚ್ಚಿನವರ ನೋವು ತಗ್ಗಿತ್ತು, ತೋಳಿನ ಬಳಕೆ ಉತ್ತಮವಾಗಿತ್ತು. ರಜ್ಜು ಬಿಟ್ಟರೂ ರೋಗಿ ಸುಧಾರಿಸಿದರೆ ಸುಧಾರಣೆಗೆ ಕಾರಣವಾದದ್ದು ಯಾವುದು? ವಿಶ್ರಾಂತಿಯೋ, ಫಿಸಿಯೋಥೆರಪಿಯೋ, ಉರಿಯೂತದ ಅಂಗಾಂಶ ತೆಗೆದದ್ದೋ, ಕಾಲವೋ, ನಂಬಿಕೆಯೋ? ಈ ಪ್ರಶ್ನೆಯನ್ನು ಬಗೆಹರಿಸಲು ಒಬ್ಬೊಬ್ಬ ಶಸ್ತ್ರವೈದ್ಯನ ರೋಗಿಗಳ ಪಟ್ಟಿ ಸಾಲದು. ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪುಗಳಿಗೆ ಹಂಚುವ ಯಾದೃಚ್ಛಿಕ ಪ್ರಯೋಗಗಳು ಬೇಕು.

ಪ್ರಯೋಗಗಳ ಸಾಕ್ಷ್ಯ

ಮೊದಲು ದಾರಿಯ ಪ್ರಶ್ನೆ. ಬ್ರಿಟನ್ನಿನ 19 ಆಸ್ಪತ್ರೆಗಳಲ್ಲಿ 273 ರೋಗಿಗಳನ್ನು ತೆರೆದ ರಿಪೇರಿ ಮತ್ತು ಆರ್ತ್ರೋಸ್ಕೋಪಿಕ್ ರಿಪೇರಿ ಎಂಬ ಎರಡು ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗದ ಫಲ 2017ರಲ್ಲಿ ಬಂತು. ಎರಡು ವರ್ಷದ ಬಳಿಕ ಎರಡೂ ಗುಂಪುಗಳ ನೋವು ಮತ್ತು ಬಳಕೆಯ ಅಂಕಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಏರಿದ್ದವು. ಸ್ಕ್ಯಾನಿನಲ್ಲಿ ಮತ್ತೆ ಹರಿದು ಕಂಡವರು ಎರಡೂ ಕಡೆ ಶೇ. 40ರ ಆಸುಪಾಸು, ವ್ಯತ್ಯಾಸ ಗಣನೀಯವಲ್ಲ. ರಂಧ್ರ ಚಿಕ್ಕದಾದದ್ದರಿಂದ ರಜ್ಜು ಹೆಚ್ಚು ಚೆನ್ನಾಗಿ ಕೂಡಲಿಲ್ಲ ಎಂಬುದು ಇದರ ಸಾರ.

ಎರಡನೆಯದು ಅಕ್ರೋಮಿಯನ್ ಕೆತ್ತುವ ಪ್ರಶ್ನೆ. ಕ್ಯಾಮೆರಾದಿಂದ ಈ ಕೆಲಸ ಸುಲಭವಾದ ಮೇಲೆ ಅದು ಜಗತ್ತಿನಾದ್ಯಂತ ಅತಿ ಸಾಮಾನ್ಯ ಭುಜದ ಆಪರೇಷನ್ನುಗಳಲ್ಲಿ ಒಂದಾಗಿ ಬೆಳೆಯಿತು. 2018ರಲ್ಲಿ ಬ್ರಿಟನ್ನಿನ 313 ರೋಗಿಗಳ ಪ್ರಯೋಗ ಅದನ್ನು ಒರೆಗೆ ಹಚ್ಚಿತು. ಒಂದು ಗುಂಪಿಗೆ ಮೂಳೆ ಕೆತ್ತಿದರು, ಇನ್ನೊಂದಕ್ಕೆ ಸ್ಕೋಪ್ ಇಳಿಸಿ ನೋಡಿ ಏನನ್ನೂ ತೆಗೆಯದೆ ಹೊರಬಂದರು, ಮೂರನೆಯದಕ್ಕೆ ಚಿಕಿತ್ಸೆಯನ್ನೇ ಕೊಡಲಿಲ್ಲ. ಕೆತ್ತಿದ ಗುಂಪು ಕೆತ್ತದೆ ಬಂದ ಗುಂಪಿಗಿಂತ ಮೇಲಾಗಲಿಲ್ಲ. ಅದೇ ವರ್ಷ ಫಿನ್ಲೆಂಡಿನ ಪ್ರಯೋಗವೂ ಇದನ್ನೇ ಕಂಡಿತು. ಇವು ಪೂರ್ಣ ಹರಕಿನ ರೋಗಿಗಳನ್ನು ಒಳಗೊಂಡಿರಲಿಲ್ಲ, ಹಾಗಾಗಿ ರಜ್ಜು ಹೊಲಿಯುವುದರ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಆದರೆ ಉಜ್ಜುವಿಕೆಯೇ ಮೂಲವೆಂಬ ಹಳೆಯ ನಂಬಿಕೆಯನ್ನು ಸಡಿಲಿಸಿದವು. ಜೊತೆಗೆ, ಸುಲಭವಾಗಿ ಮಾಡಬಹುದಾದದ್ದು ಪ್ರಯೋಜನ ಸಾಬೀತಾಗುವ ಮೊದಲೇ ಎಷ್ಟು ಬೇಗ ಹಬ್ಬುತ್ತದೆ ಎಂಬುದಕ್ಕೂ ಇವು ಸಾಕ್ಷಿ.

ಮೂರನೆಯದು ಹೊಲಿಯುವುದೋ ಬೇಡವೋ ಎಂಬ ಮೂಲ ಪ್ರಶ್ನೆ. ಫಿನ್ಲೆಂಡಿನಲ್ಲಿ 55 ದಾಟಿದ, ಪೆಟ್ಟಿಲ್ಲದೆ ಸುಪ್ರಸ್ಪೈನೇಟಸ್ ಹರಿದ 180 ಭುಜಗಳನ್ನು ಮೂರು ಗುಂಪು ಮಾಡಿದರು: ಬರೀ ಫಿಸಿಯೋಥೆರಪಿ, ಅದರ ಜೊತೆ ಅಕ್ರೋಮಿಯನ್ ಕೆತ್ತುವುದು, ಇವೆರಡರ ಜೊತೆ ರಜ್ಜು ಹೊಲಿಯುವುದು. ಎರಡು ವರ್ಷದ ಕೊನೆಗೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಹಲವು ಕೇಂದ್ರಗಳು ಕೂಡಿ ಪೆಟ್ಟಿಲ್ಲದ ಪೂರ್ಣ ಹರಕಿನ 452 ಜನರಿಗೆ ಕ್ರಮಬದ್ಧ ವ್ಯಾಯಾಮ ಕಲಿಸಿದಾಗ, ಎರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆ ಆರಿಸಿಕೊಂಡವರು ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ನಾರ್ವೆಯ ಪ್ರಯೋಗ ಮಾತ್ರ ಕಥೆಯ ಇನ್ನೊಂದು ಮುಖ ತೋರಿಸಿತು. 3 ಸೆಂಟಿಮೀಟರ್ ಮೀರದ ಹರಕಿನ 103 ಜನರನ್ನು ಹೊಲಿಗೆ ಮತ್ತು ಫಿಸಿಯೋಥೆರಪಿಯ ಗುಂಪುಗಳಿಗೆ ಹಂಚಿ ಹತ್ತು ವರ್ಷ ಹಿಂಬಾಲಿಸಿದಾಗ, ಮೊದಲ ವರ್ಷಗಳಲ್ಲಿ ಚಿಕ್ಕದಿದ್ದ ಅಂತರ ಕಾಲ ಕಳೆದಂತೆ ಹೊಲಿಗೆಯ ಕಡೆಗೆ ಹಿಗ್ಗಿತು. ಐದು ವರ್ಷದ ಹೊತ್ತಿಗೆ, ಹೊಲಿಯದೆ ಬಿಟ್ಟವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯ ಹರಕು 5 ಮಿಲಿಮೀಟರಿಗಿಂತ ಹೆಚ್ಚು ದೊಡ್ಡದಾಗಿತ್ತು. ಇಲ್ಲಿ ಗಮನಿಸಬೇಕಾದದ್ದೊಂದಿದೆ: ಈ ದೀರ್ಘಾವಧಿಯ ಲಾಭ ತಂದದ್ದು ತೆರೆದ ಮತ್ತು ಮಿನಿ ಓಪನ್ ವಿಧಾನದ ಹೊಲಿಗೆ. ಉಪಕಾರ ಮಾಡಿದ್ದು ಕೂಡಿಕೊಂಡ ರಜ್ಜು, ದಾರಿಯಲ್ಲ.

ಆಕ್ಷೇಪಗಳು

ಈ ವಾದಕ್ಕೆ ಶಸ್ತ್ರವೈದ್ಯರು ಎತ್ತುವ ಮೊದಲ ಆಕ್ಷೇಪ: ಪ್ರಯೋಗಗಳಲ್ಲಿ ಬಳಸಿದ್ದು ಹಳೆಯ ತಂತ್ರ; ಈಗಿನ ಎರಡು ಸಾಲಿನ ಹೊಲಿಗೆ ಹೆಚ್ಚು ಗಟ್ಟಿ. ಪ್ರಯೋಗಾಲಯದಲ್ಲಿ ಅದು ಹೆಚ್ಚು ಎಳೆತ ತಡೆಯುವುದು ನಿಜ, ದೊಡ್ಡ ಹರಕುಗಳಲ್ಲಿ ಮತ್ತೆ ಹರಿಯುವುದನ್ನು ತುಸು ತಗ್ಗಿಸುವುದೂ ನಿಜ. ಆದರೆ ರೋಗಿ ಹೇಳುವ ನೋವು ಮತ್ತು ಬಳಕೆಯ ಅಂಕಗಳಲ್ಲಿ ಒಂದು ಸಾಲಿಗೂ ಎರಡು ಸಾಲಿಗೂ ಸಿಗುವ ಅಂತರ ಅಲ್ಪ. ರಜ್ಜು ಕೊಳೆತಂತೆ ಮೆತ್ತಗಾಗಿದ್ದರೆ ಹೆಚ್ಚುವರಿ ಆಂಕರ್ ಖರ್ಚನ್ನು ಹೆಚ್ಚಿಸಬಹುದು, ಜೀವಕೋಶಗಳನ್ನು ಎಳೆಯದಾಗಿಸಲಾರದು.

ಎರಡನೆಯ ಆಕ್ಷೇಪ ಹೆಚ್ಚು ಭಾರವಾದದ್ದು: ಕಾಯುತ್ತ ಕೂತರೆ ಚಿಕ್ಕ ಹರಕು ದೊಡ್ಡದಾಗಿ, ಸ್ನಾಯುವಿಗೆ ಕೊಬ್ಬು ತುಂಬಿ, ಮುಂದೆ ಹೊಲಿಯಲೇ ಆಗದ ಸ್ಥಿತಿ ಬರಬಹುದಲ್ಲ? ಬರಬಹುದು. ಅಮೆರಿಕದಲ್ಲಿ ನೋವಿಲ್ಲದ ಹರಕಿನ 224 ಜನರನ್ನು ವರ್ಷಗಟ್ಟಲೆ ಅಲ್ಟ್ರಾಸೌಂಡ್‌ನಿಂದ ಗಮನಿಸಿದ ಅಧ್ಯಯನದಲ್ಲಿ ಶೇ. 49ರಷ್ಟು ಹರಕುಗಳು ಹಿಗ್ಗಿದವು. ಹಿಗ್ಗಿದವರಲ್ಲಿ ಹೊಸದಾಗಿ ನೋವು ಹುಟ್ಟುವ ಸಂಭವವೂ ಹೆಚ್ಚಿತ್ತು. ನಾರ್ವೆಯ ಹತ್ತು ವರ್ಷದ ಫಲವೂ ಇದಕ್ಕೆ ಹೊಂದುತ್ತದೆ. ಆದರೆ ಇದೇ ಅಂಕಿ ಅರ್ಧದಷ್ಟು ಹರಕುಗಳು ಹಿಗ್ಗಲಿಲ್ಲ ಎಂದೂ ಹೇಳುತ್ತದೆ. ಹಿಗ್ಗುವ ವೇಗ ಸಾಮಾನ್ಯವಾಗಿ ವರ್ಷಗಳ ಲೆಕ್ಕದ್ದು, ವಾರಗಳದಲ್ಲ. ಹಾಗಾಗಿ ಸವೆತದ ಹರಕಿಗೆ ಮೂರು ತಿಂಗಳು ಶ್ರದ್ಧೆಯ ವ್ಯಾಯಾಮ ಮಾಡಿ ನೋಡುವುದರಿಂದ ಕಳೆದುಕೊಳ್ಳುವುದು ಕಡಿಮೆ. ಆಮೇಲೂ ನೋವಿದ್ದರೆ, ಅಥವಾ ಮತ್ತೊಂದು ಸ್ಕ್ಯಾನಿನಲ್ಲಿ ಹರಕು ಹಿಗ್ಗಿದ್ದರೆ, ಶಸ್ತ್ರಚಿಕಿತ್ಸೆಯ ಬಾಗಿಲು ತೆರೆದೇ ಇರುತ್ತದೆ. ಈ ಆಕ್ಷೇಪ ಗಮನವಿಟ್ಟು ಕಾಯುವುದಕ್ಕೆ ಒತ್ತು ಕೊಡುತ್ತದೆ. ಎಲ್ಲರನ್ನೂ ಕೂಡಲೇ ಟೇಬಲ್ಲಿಗೆ ಏರಿಸುವುದಕ್ಕಲ್ಲ.

ಮೂರನೆಯದು ಎದುರು ದಿಕ್ಕಿನಿಂದ ಬರುವ ಆಕ್ಷೇಪ: ಫಿಸಿಯೋಥೆರಪಿಯೇ ಸಾಕಾದರೆ ಶಸ್ತ್ರಚಿಕಿತ್ಸೆ ಯಾತಕ್ಕೆ? ಇದು ಫಿನ್ಲೆಂಡಿನ ಫಲವನ್ನು ಅದರ ಎಲ್ಲೆ ಮೀರಿ ಎಳೆಯುವ ಮಾತು. ಅಲ್ಲಿದ್ದವರು 55 ದಾಟಿದವರು, ಒಂದೇ ರಜ್ಜು ಹರಿದವರು, ಪೆಟ್ಟಾಗದವರು. ಬೈಕಿನಿಂದ ಬಿದ್ದೋ ಏಣಿಯಿಂದ ಜಾರಿಯೋ ನಲವತ್ತರ ಹರೆಯದಲ್ಲಿ ಗಟ್ಟಿ ರಜ್ಜು ಒಮ್ಮೆಲೇ ಕಿತ್ತುಬಂದು, ತೋಳೇ ಎತ್ತಲಾಗದ ಸ್ಥಿತಿ ಬೇರೆ. ಅಲ್ಲಿ ಸ್ನಾಯು ಇನ್ನೂ ಕೆಟ್ಟಿರುವುದಿಲ್ಲ, ರಜ್ಜು ದೂರ ಸರಿದಿರುವುದಿಲ್ಲ, ಮಾಯುವ ಶಕ್ತಿ ಚೆನ್ನಾಗಿರುತ್ತದೆ. ತಡಮಾಡಿದರೆ ಈ ಮೂರೂ ಕೈತಪ್ಪುತ್ತವೆ. ಸಬ್‌ಸ್ಕ್ಯಾಪುಲಾರಿಸ್ ಪೂರ್ತಿ ಕಿತ್ತಾಗ, ವ್ಯಾಯಾಮದಿಂದ ಪ್ರಯೋಜನವಾಗದೆ ನೋವು ಉಳಿದಾಗ, ಬಲ ಕುಗ್ಗುತ್ತ ಹೋದಾಗಲೂ ಹೊಲಿಗೆಯ ಪರ ವಾದ ಬಲವಾಗುತ್ತದೆ.

ಹೊಲಿಯಲಾಗದ ಹರಕು

ರಜ್ಜು ಬಹಳ ಹಿಂದೆ ಸರಿದು, ಸ್ನಾಯುವಿಗೆ ಕೊಬ್ಬು ತುಂಬಿ, ಮೂಳೆಯ ತಲೆ ಮೇಲಕ್ಕೆ ಸರಿದಿದ್ದರೆ ಕೀಹೋಲ್ ರಿಪೇರಿಯಿಂದ ಆಗುವ ಕೆಲಸ ಅಲ್ಪ. ಇಂಥ ವಯಸ್ಸಾದವರಿಗೆ ಫ್ರಾನ್ಸಿನ ಡಿಜಾನ್ ನಗರದ ಪಾಲ್ ಗ್ರಾಮೋಂ 1980ರ ದಶಕದಲ್ಲಿ ರೂಪಿಸಿದ ತಿರುವುಮುರುವು ಭುಜಕೀಲು ದೊಡ್ಡ ಉಪಕಾರ ಮಾಡಿದೆ. ಅದರಲ್ಲಿ ಗುಂಡು ಹೆಗಲ ಮೂಳೆಗೂ ಗುಳಿ ತೋಳಿನ ಮೂಳೆಗೂ ಬರುತ್ತದೆ; ತಿರುಗುವ ಕೇಂದ್ರ ಒಳಕ್ಕೂ ಕೆಳಕ್ಕೂ ಸರಿದು, ರೊಟೇಟರ್ ಕಫ್ ಇಲ್ಲದೆಯೂ ಡೆಲ್ಟಾಯ್ಡ್ ಒಂದೇ ತೋಳೆತ್ತಬಲ್ಲದು. ಇನ್ನೂ ಎಳೆಯವರಿಗೆ ಜಪಾನಿನ ತೆರುಹಿಸಾ ಮಿಹಾತಾ ರೂಪಿಸಿದ, ತೊಡೆಯ ಗಟ್ಟಿ ಪೊರೆಯನ್ನು ಕೀಲಿನ ಮೇಲ್ಭಾಗಕ್ಕೆ ಜೋಡಿಸುವ ವಿಧಾನವಿದೆ. ಅಕ್ರೋಮಿಯನ್ ಕೆಳಗೆ ಕರಗುವ ಬಲೂನ್ ಇರಿಸುವ ಕ್ರಮ ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ 117 ರೋಗಿಗಳ ಪ್ರಯೋಗದಲ್ಲಿ ಬಲೂನ್ ಇಲ್ಲದೆ ಬರೀ ಶುಚಿಗೊಳಿಸಿದವರೇ ಹೆಚ್ಚು ಸುಧಾರಿಸಿದರು. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಲಾಯಿತು.

ಚೇತರಿಕೆ ಮತ್ತು ಕರ್ನಾಟಕದ ಸಂದರ್ಭ

ಗಾಯ ಚಿಕ್ಕದಾದರೂ ಚೇತರಿಕೆ ಚಿಕ್ಕದಲ್ಲ. ರಜ್ಜು ಮೂಳೆಗೆ ಅಂಟುವ ಜೈವಿಕ ಗಡುವು ಎರಡೂ ವಿಧಾನಗಳಲ್ಲಿ ಒಂದೇ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತೋಳು ಜೋಲಿಯಲ್ಲಿರಬೇಕು. ಆ ಅವಧಿಯಲ್ಲಿ ಬೇರೆಯವರ ಸಹಾಯದಿಂದ ಮಾತ್ರ ಕೀಲನ್ನು ಆಡಿಸಬೇಕು. ಆಮೇಲೆ ತಾನಾಗಿ ಎತ್ತುವ ಅಭ್ಯಾಸ, ಸುಮಾರು ಮೂರು ತಿಂಗಳ ಬಳಿಕ ಬಲದ ವ್ಯಾಯಾಮ, ಭಾರದ ಕೆಲಸಕ್ಕೆ ಆರು ತಿಂಗಳು ಅಥವಾ ಇನ್ನೂ ಹೆಚ್ಚು. ನಮ್ಮಲ್ಲಿ ಈ ಲೆಕ್ಕವನ್ನು ಆಪರೇಷನ್ನಿನ ಬಿಲ್ಲಿನಷ್ಟೇ ಗಂಭೀರವಾಗಿ ನೋಡಬೇಕು. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಆರ್ತ್ರೋಸ್ಕೋಪಿ ಸುಲಭವಾಗಿ ಸಿಗುತ್ತದೆ. ಆದರೆ ತಿಂಗಳುಗಟ್ಟಲೆ ವಾರಕ್ಕೆರಡು ಬಾರಿ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದು ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಯವರಿಗೆ ಸುಲಭವಲ್ಲ. ಮೂಟೆ ಹೊರುವವರಿಗೆ, ಗಾರೆ ಕೆಲಸದವರಿಗೆ, ತೋಟದ ಕೂಲಿಯವರಿಗೆ ಆರು ತಿಂಗಳು ದುಡಿಮೆ ಬಿಡುವುದೆಂದರೆ ಸಂಸಾರದ ಲೆಕ್ಕವೇ ತಲೆಕೆಳಗಾದಂತೆ. ಬೇಗ ಕೆಲಸಕ್ಕೆ ಮರಳಿದರೆ ಹೊಲಿಗೆ ಬಿಡುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮೊದಲೇ ಚೇತರಿಕೆಯ ಯೋಜನೆ ಮಾತಾಡಿ ಮುಗಿಸುವುದು ಚಿಕಿತ್ಸೆಯದೇ ಭಾಗ.

ಮಧುಮೇಹವೂ ಇಲ್ಲಿ ಲೆಕ್ಕಕ್ಕೆ ಬರಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ರಜ್ಜು ಕೂಡುವುದು ತಡ, ಸೋಂಕಿನ ಭಯವೂ ಹೆಚ್ಚು. ಇದೇ ಮಧುಮೇಹಿಗಳಲ್ಲಿ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಬಹಳ ಸಾಮಾನ್ಯ. ಅದರ ನೋವು ಹರಕಿನ ನೋವಿನಂತೆಯೇ ಕಾಣುತ್ತದೆ, ಎಂಆರ್‌ಐಯಲ್ಲಿ ವಯೋಸಹಜ ಹರಕೊಂದು ಜೊತೆಗೆ ಕಂಡರಂತೂ ಗೊಂದಲ ಖಚಿತ. ಇವೆರಡನ್ನೂ ಬೇರ್ಪಡಿಸಲು ಸ್ಕ್ಯಾನಿಗಿಂತ ವೈದ್ಯರ ಕೈಪರೀಕ್ಷೆ ಹೆಚ್ಚು ನೆರವಾಗುತ್ತದೆ. ಬೇರೆಯವರು ಎತ್ತಿದರೂ ತೋಳು ಏಳದಿದ್ದರೆ, ಹೊರಕ್ಕೆ ತಿರುಗದಿದ್ದರೆ ಅದು ಬಿಗಿತ. ಬೇರೆಯವರು ಎತ್ತಿದರೆ ಎದ್ದು, ತಾನಾಗಿ ಎತ್ತಲಾಗದಿದ್ದರೆ ಹರಕಿನ ಶಂಕೆ. ಧೂಮಪಾನವೂ ಮಾಯುವಿಕೆಗೆ ಅಡ್ಡಿ. ಅದನ್ನು ಬಿಡುವುದು ಯಾವ ಆಂಕರಿಗಿಂತಲೂ ಅಗ್ಗದ ನೆರವು.

ಈ ಎಲ್ಲದರಿಂದ ಹೊಮ್ಮುವುದು ಕೀಹೋಲ್ ವಿಧಾನದ ನಿರಾಕರಣೆಯಲ್ಲ. ರಜ್ಜು ಹೊಲಿಯಬೇಕೆಂದು ತೀರ್ಮಾನವಾದ ಮೇಲೆ, ಡೆಲ್ಟಾಯ್ಡ್ ಉಳಿಸುವ ಈ ದಾರಿಯನ್ನು ಪಳಗಿದ ಕೈಯಲ್ಲಿ ಆರಿಸಿಕೊಳ್ಳುವುದಕ್ಕೆ ಒಳ್ಳೆಯ ಕಾರಣಗಳಿವೆ. ಆದರೆ ಆ ದಾರಿಯ ಸುಲಭತೆಯೇ ಹೊಲಿಯಲು ಕಾರಣವಾಗಬಾರದು. ಹರಕು ಪೆಟ್ಟಿನದೋ ಸವೆತದ್ದೋ, ಎಷ್ಟು ಸೆಂಟಿಮೀಟರ್, ಸ್ನಾಯುವಿನಲ್ಲಿ ಕೊಬ್ಬು ಯಾವ ಹಂತದಲ್ಲಿದೆ, ವ್ಯಾಯಾಮ ಮಾಡಿ ನೋಡಿದ್ದಾಗಿದೆಯೇ, ಮಾಯುವ ತಿಂಗಳುಗಳನ್ನು ರೋಗಿ ನಿಭಾಯಿಸಬಲ್ಲನೇ ಎಂಬ ಐದು ಉತ್ತರಗಳು ಕೈಗೆ ಸಿಕ್ಕ ಮೇಲೆ ದಾರಿಯ ಪ್ರಶ್ನೆ ಎದ್ದರೆ ಸಾಕು. ಮುಂದಿನ ಪ್ರಗತಿಯೂ ಇನ್ನಷ್ಟು ಕಿರಿದಾದ ರಂಧ್ರದಿಂದ ಬರುವ ಸಂಭವ ಕಡಿಮೆ. ರಜ್ಜು ಮತ್ತು ಮೂಳೆಯ ನಡುವಿನ ಸಹಜ ಕೂಡಿಕೆಯನ್ನು ಮರಳಿ ಬೆಳೆಸುವ ಜೀವವಿಜ್ಞಾನದಿಂದ ಅದು ಬರಬೇಕು. ಹೊಲಿದ ಪ್ರತಿ ಭುಜದ ಫಲವನ್ನು ವರ್ಷಗಳ ಕಾಲ ದಾಖಲಿಸಿ, ಸೋತದ್ದನ್ನೂ ಗೆದ್ದದ್ದನ್ನೂ ಒಟ್ಟಿಗೆ ಪ್ರಕಟಿಸುವ ಆಸ್ಪತ್ರೆಗಳಿಂದಲೂ ಬರಬೇಕು.